ಒಲೆಯಲ್ಲಿ ಬೆಂದದ್ದು, ಬೆಳಕಿನಲ್ಲಿ ಬಲಿತದ್ದು: ಪಾಲಿಕಾರ್ಬೊನೇಟಿನ ಮೇಲೆ ಪರೀಕ್ಷಿಸಿದ ಲೇಪನಗಳು

ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಹಾಳೆಯನ್ನು ಸುತ್ತಿಗೆಯಿಂದ ಬಡಿದರೂ ಅದು ಸುಲಭಕ್ಕೆ ಒಡೆಯುವುದಿಲ್ಲ. ಆದರೆ ಧೂಳು ಕುಳಿತ ಅದೇ ಹಾಳೆಯನ್ನು ಒಣಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು, ಮೈತುಂಬ ಗೀರು ಮೂಡುತ್ತದೆ. ಹೆಲ್ಮೆಟ್ಟಿನ ಮುಂಗನ್ನಡಿ, ಕಾರಿನ ಮುಂದೀಪ, ಯಂತ್ರಗಳ ಪಾರದರ್ಶಕ ಕವಚ, ಇವೆಲ್ಲಕ್ಕೂ ಗಡಸು ಲೇಪನ ಬೇಕಾಗುವುದು ಈ ಕಾರಣಕ್ಕೆ. ಬೆಂಗಳೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ನಾನು ಇಂತಹ ಮೂರು ಬಗೆಯ ಲೇಪನಗಳನ್ನು ಒಂದೇ ಬಗೆಯ ಹಾಳೆಯ ಮೇಲೆ ಹಾಕಿ ಹೋಲಿಸಿದೆ: ಓವನ್ನಿನಲ್ಲಿ ಬೇಯಿಸುವ ಪಾಲಿಸಿಲಾಕ್ಸೇನ್ (ಸಿಲಿಕಾನ್ ಮತ್ತು ಆಮ್ಲಜನಕದ ಬಲೆ), ನೇರಳಾತೀತ ಬೆಳಕಿನಲ್ಲಿ ಗಟ್ಟಿಯಾಗುವ ಶುದ್ಧ ಅಕ್ರಿಲೇಟ್ (ಸಾವಯವ ರಾಳ), ಮತ್ತು ಅದೇ ಬೆಳಕಿನಲ್ಲಿ ಗಟ್ಟಿಯಾಗುವ, ಆದರೆ ಒಡಲಲ್ಲಿ ಸಿಲಿಕಾವನ್ನು ಹೊತ್ತಿರುವ ಸಾವಯವ-ನಿರವಯವ ಮಿಶ್ರ ಲೇಪನ. ಮೂರನೆಯದೇ ಗೆಲ್ಲಲಿ ಎಂಬ ಆಸೆಯಿಂದಲೇ ನಾನು ಕೆಲಸ ಆರಂಭಿಸಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಹಾಳೆಗಳು 3 ಮಿಲಿಮೀಟರ್ ದಪ್ಪದವು. ಅವನ್ನು ಐಸೊಪ್ರೊಪನಾಲ್‌ನಿಂದ ಒರೆಸಿಕೊಂಡೆ. ಅಸಿಟೋನ್ ತಗಲಿದರೆ ಪಾಲಿಕಾರ್ಬೊನೇಟ್ ಬೆಳ್ಳಗಾಗಿ ಬಿರುಕು ಬಿಡುತ್ತದೆ ಎಂಬುದನ್ನು ಈ ಕೆಲಸಕ್ಕೆ ಹೊಸಬರಾದವರು ಒಂದು ಹಾಳೆ ಕೆಡಿಸಿಯೇ ಕಲಿಯುತ್ತಾರೆ. ಪೆನ್ಸಿಲ್ ಗಡಸುತನಕ್ಕೆ (ಎಷ್ಟು ಗಡಸು ಪೆನ್ಸಿಲ್ ಗೀರು ಮೂಡಿಸುತ್ತದೆ ಎಂಬ ಅಳತೆ) ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಡಿ 3363, ಅಂಟುಗುಣಕ್ಕೆ ಚೌಕುಳಿ ಕೊರೆದು ಟೇಪ್ ಎಳೆಯುವ ಡಿ 3359, ಸವೆತಕ್ಕೆ ಉಜ್ಜುವ ಚಕ್ರಗಳನ್ನು ಹಾಳೆಯ ಮೇಲೆ ಉರುಳಿಸುವ ಟೇಬರ್ ಯಂತ್ರದ ಡಿ 1044, ಹೀಗೆ ಎಲ್ಲರೂ ಬಳಸುವ ಪರೀಕ್ಷೆಗಳನ್ನೇ ಇಟ್ಟುಕೊಂಡೆ. ಇವುಗಳ ಜೊತೆಗೆ ಲೇಪಿಸಿದ ತುಂಡನ್ನು ಕುದಿಯುವ ನೀರಿನಲ್ಲಿ ಎರಡು ಗಂಟೆ ಮುಳುಗಿಸಿಟ್ಟು ಮತ್ತೆ ಟೇಪ್ ಎಳೆಯುವ ಪರೀಕ್ಷೆಯನ್ನೂ ಸೇರಿಸಿದೆ. ಅಂತಿಮ ತೀರ್ಪನ್ನು ಕೊಟ್ಟದ್ದು ಈ ಪರೀಕ್ಷೆಯೇ.

ಪಾಲಿಸಿಲಾಕ್ಸೇನ್ ಈ ಮೂರರಲ್ಲಿ ಹಿರಿಯ. ಇದು ಪಾಲಿಕಾರ್ಬೊನೇಟಿಗೆ ನೇರವಾಗಿ ಅಂಟಿಕೊಳ್ಳುವುದು ಕಷ್ಟವಾದ್ದರಿಂದ ಮೊದಲು ಅಂಟು ಹಿಡಿಸುವ ಅಕ್ರಿಲಿಕ್ ಪ್ರೈಮರ್ ಹಾಕಿ, ಒಣಗಿಸಿ, ಆಮೇಲೆ ಸುಮಾರು 5 ಮೈಕ್ರಾನ್ ದಪ್ಪದ ಮೇಲ್ಪದರವನ್ನು ಹಾಕಿ, 125 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಬೇಯಿಸಿದೆ. ಟೇಬರ್ ಯಂತ್ರದಲ್ಲಿ ಸಿಎಸ್-10ಎಫ್ ಚಕ್ರ, 500 ಗ್ರಾಂ ಭಾರ, 100 ಸುತ್ತುಗಳ ನಂತರ ಬರಿಯ ಹಾಳೆಯ ಮಬ್ಬು (ಹಾದುಹೋಗುವ ಬೆಳಕಿನಲ್ಲಿ ಚದುರುವ ಪಾಲು) ಶೇಕಡಾ 30ನ್ನು ದಾಟಿದರೆ, ಇದರದು 3ರ ಒಳಗೇ ಉಳಿಯಿತು. ಸವೆತದ ಲೆಕ್ಕದಲ್ಲಿ ಇದನ್ನು ಮೀರಿಸಿದ ಲೇಪನವನ್ನು ನಾನು ಮಾಡಲಾಗಲಿಲ್ಲ. ಆದರೆ ಎರಡು ಪದರ, ಎರಡು ಸಲ ಒಣಗಿಸುವಿಕೆ, ಒಂದು ಗಂಟೆಯ ಓವನ್ ಮತ್ತು ಅಷ್ಟೂ ಹೊತ್ತು ಧೂಳಿಲ್ಲದ ಕೋಣೆ ಇದರ ಬೆಲೆ. ಪಾಲಿಕಾರ್ಬೊನೇಟ್ ಮೆತ್ತಗಾಗುವುದು 147 ಡಿಗ್ರಿಯ ಸುಮಾರಿಗಾದ್ದರಿಂದ ಅದು ಈ ಬಿಸಿಯನ್ನು ಹೇಗೋ ತಡೆದುಕೊಳ್ಳುತ್ತದೆ. 105 ಡಿಗ್ರಿಯ ಆಸುಪಾಸಿನಲ್ಲೇ ಸೋಲುವ ಅಕ್ರಿಲಿಕ್ ಹಾಳೆ ಮತ್ತು ಎಬಿಎಸ್ ಪ್ಲಾಸ್ಟಿಕ್ಕಿಗೆ ಈ ದಾರಿ ಮುಚ್ಚಿದೆ. ಜೊತೆಗೆ, ಪದರದ ದಪ್ಪ ತುಸು ಏರುಪೇರಾದರೂ ಟ್ಯೂಬ್‌ಲೈಟಿನ ಕೆಳಗೆ ಕಾಮನಬಿಲ್ಲಿನಂತಹ ಪಟ್ಟೆಗಳು ಕಾಣಿಸುತ್ತವೆ. ಅದು ದೋಷವಲ್ಲ ಎಂದು ಗ್ರಾಹಕರಿಗೆ ತಿಳಿಹೇಳುವುದು ಲೇಪನ ಮಾಡುವುದಕ್ಕಿಂತ ಕಷ್ಟದ ಕೆಲಸ.

ಶುದ್ಧ ಅಕ್ರಿಲೇಟ್ ಇದಕ್ಕೆ ತೀರ ವಿರುದ್ಧ ಸ್ವಭಾವದ್ದು. ಆರು ದ್ವಿಬಂಧಗಳಿರುವ ಡೈಪೆಂಟಾಎರಿಥ್ರಿಟಾಲ್ ಹೆಕ್ಸಾಅಕ್ರಿಲೇಟ್, ಸ್ವಲ್ಪ ಯುರೆಥೇನ್ ಅಕ್ರಿಲೇಟ್, ತೆಳುವಾಗಿಸಲು ಹೆಕ್ಸೇನ್‌ಡಯಾಲ್ ಡೈಅಕ್ರಿಲೇಟ್ ಮತ್ತು ಬೆಳಕು ಬಿದ್ದೊಡನೆ ಗಟ್ಟಿಯಾಗುವ ಕ್ರಿಯೆಯನ್ನು ಆರಂಭಿಸುವ ಫೋಟೊಇನಿಷಿಯೇಟರ್ ಬೆರೆಸಿ, ಪಾದರಸ ದೀಪದ ಕೆಳಗೆ ಕನ್ವೇಯರ್‌ನಲ್ಲಿ ಸಾಗಿಸಿದರೆ ಕೆಲವೇ ಕ್ಷಣಗಳಲ್ಲಿ ಕೈಯಿಂದ ಮುಟ್ಟಬಹುದಾದಷ್ಟು ಗಟ್ಟಿಯಾಗುತ್ತದೆ. ಇದಕ್ಕೆ ಪ್ರೈಮರ್ ಬೇಕಿಲ್ಲ, ಏಕೆಂದರೆ ಡೈಅಕ್ರಿಲೇಟ್ ಹಾಳೆಯ ಮೈಯನ್ನು ತುಸು ಉಬ್ಬಿಸಿ ಒಳಕ್ಕೆ ಇಳಿದು ಬೇರೂರುತ್ತದೆ. ಅದನ್ನು ಮಿತಿಮೀರಿ ಹಾಕಿದಾಗ ಅದೇ ಗುಣ ಹಾಳೆಯನ್ನು ಮಬ್ಬಾಗಿಸಿತು. ಇದರ ದೊಡ್ಡ ತೊಡಕು ಕುಗ್ಗುವಿಕೆ. ಆರು ದ್ವಿಬಂಧಗಳು ಒಮ್ಮೆಲೇ ಕೂಡಿಕೊಂಡಾಗ ಪದರ ಎಷ್ಟು ಕುಗ್ಗುತ್ತದೆಂದರೆ, ಕುತೂಹಲಕ್ಕೆಂದು ಲೇಪಿಸಿದ ತೆಳು ಫಿಲ್ಮ್ ಒಣಗಿದ ವೀಳ್ಯದೆಲೆಯಂತೆ ಸುರುಟಿಕೊಂಡಿತು. ಸವೆತದ ಮಬ್ಬು ಶೇಕಡಾ 10ರ ಹತ್ತಿರ ಬಂತು. ಇನ್ನೊಂದು ಮಾತು: ಅಕ್ರಿಲೇಟ್‌ಗಳು ಚರ್ಮಕ್ಕೆ ಅಲರ್ಜಿ ತರುತ್ತವೆ, ನೈಟ್ರೈಲ್ ಕೈಗವಸಿಲ್ಲದೆ ಅವನ್ನು ಮುಟ್ಟಬಾರದು.

ಈಗ ಮಿಶ್ರ ಲೇಪನಕ್ಕೆ ಬರುತ್ತೇನೆ. ಇದರ ಹಿಂದಿನ ಆಲೋಚನೆ ಸರಳವಾದದ್ದು: ಅಕ್ರಿಲೇಟಿನ ಬಲೆಯೊಳಗೆ ಗಾಜಿನಷ್ಟು ಗಡಸಾದ, ಕುಗ್ಗದ ಸಿಲಿಕಾ ಕಣಗಳನ್ನು ಸೇರಿಸಬೇಕು, ಆದರೆ ಅವು ಬಲೆಯಲ್ಲಿ ಸುಮ್ಮನೆ ಸಿಕ್ಕಿಕೊಂಡಿರದೆ ಬಲೆಗೇ ಹೆಣೆದುಕೊಂಡಿರಬೇಕು. ಹಾಗೆ ಹೆಣೆಯುವುದು ಮೆಥಾಕ್ರಿಲಾಕ್ಸಿಪ್ರೊಪಿಲ್ ಟ್ರೈಮೆಥಾಕ್ಸಿಸಿಲೇನ್ ಎಂಬ ದ್ರವ; ಮುಂದೆ ಇದನ್ನು ಬರಿಯ ‘ಸಿಲೇನ್’ ಎನ್ನುತ್ತೇನೆ. ಅದರ ಒಂದು ತುದಿ ಸಿಲಿಕಾಕ್ಕೆ ಅಂಟುತ್ತದೆ, ಇನ್ನೊಂದು ತುದಿ ಬೆಳಕು ಬಿದ್ದಾಗ ಅಕ್ರಿಲೇಟಿನೊಡನೆ ಕೂಡುತ್ತದೆ. ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆ ಇದೇ ಕುಲದ ವಸ್ತುಗಳನ್ನು ಆರ್ಮೋಸರ್ ಎಂಬ ಹೆಸರಿನಲ್ಲಿ ಬೆಳೆಸಿದೆ. ನಮ್ಮಲ್ಲಿ ಹೈದರಾಬಾದಿನ ಎಆರ್‌ಸಿಐ ಸಂಶೋಧನಾ ಸಂಸ್ಥೆ ಸೋಲ್-ಜೆಲ್ (ದ್ರಾವಣವನ್ನು ಜೆಲ್ ಆಗಿಸಿ ಪದರ ಕಟ್ಟುವ) ಲೇಪನಗಳಿಗೆಂದೇ ಒಂದು ಕೇಂದ್ರವನ್ನು ನಡೆಸುತ್ತಿದೆ. ಕಣಗಳು 15-20 ನ್ಯಾನೊಮೀಟರಿನಷ್ಟು ಸಣ್ಣವಾಗಿದ್ದರೆ, ಕಾಣುವ ಬೆಳಕಿನ ಅಲೆಯ ಉದ್ದಕ್ಕೆ ಹೋಲಿಸಿದಾಗ ತೀರ ಚಿಕ್ಕವಾದ್ದರಿಂದ ಪದರ ನಿಚ್ಚಳವಾಗಿರುತ್ತದೆ. ಅವು ಗಂಟುಕಟ್ಟಿದರೆ ಮಾತ್ರ ಹಾಲು ಬೆರೆಸಿದಂತಾಗುತ್ತದೆ.

ನನ್ನ ಮೊದಲ ಬ್ಯಾಚ್ ನೋಡಲು ಬಹಳ ಚೆನ್ನಾಗಿತ್ತು. ಒಣಗಿದ ಪದರದಲ್ಲಿ ಶೇಕಡಾ 30ರಷ್ಟು ಸಿಲಿಕಾ ಇತ್ತು, ಮಬ್ಬು ಇರಲಿಲ್ಲ, ಟೇಪಿಗೆ ಒಂದು ಚೌಕವೂ ಏಳಲಿಲ್ಲ. ಕುದಿಯುವ ನೀರಿನಿಂದ ಹೊರತೆಗೆದ ಮೇಲೆ ಅದೇ ಟೇಪಿಗೆ ಅರ್ಧಕ್ಕರ್ಧ ಪದರ ಕಿತ್ತುಬಂತು. ಉಳಿದ ಭಾಗ ಬೆಳ್ಳಗಾಗಿತ್ತು. ದೀಪದ ಬೆಳಕು ಸಾಲದಾಯಿತೆಂದು ಭಾವಿಸಿ ಎರಡು ವಾರ ಡೋಸ್ ಏರಿಸುತ್ತ ಹೋದೆ, ಪ್ರಯೋಜನವಾಗಲಿಲ್ಲ. ತಪ್ಪು ದೀಪದ್ದಾಗಿರಲಿಲ್ಲ, ನನ್ನ ಆತುರದ್ದಾಗಿತ್ತು. ಸಿಲೇನ್ ಮೊದಲು ನೀರಿನೊಡನೆ ವರ್ತಿಸಿ ಸಿಲನಾಲ್ ಆಗಬೇಕು, ಆಮೇಲೆ ಸಿಲಿಕಾದ ಮೈಗೆ ಹತ್ತಬೇಕು. ನಾನು ಅದಕ್ಕೆ ಕೊಟ್ಟ ಸಮಯ ಒಂದು ಗಂಟೆ ಮಾತ್ರ. ಸಿಲೇನ್ ಹತ್ತದ ಬೋಳು ಸಿಲಿಕಾ ನೀರನ್ನು ಎಳೆದುಕೊಳ್ಳುತ್ತದೆ, ಒಣಗಿದ ಸ್ಥಿತಿಯಲ್ಲಿ ಮಾಡಿದ ಯಾವ ಪರೀಕ್ಷೆಯೂ ಅದನ್ನು ಬಯಲು ಮಾಡುವುದಿಲ್ಲ. ಅಸಿಟಿಕ್ ಆಮ್ಲದಿಂದ ಪಿಎಚ್ ಅನ್ನು 4ರ ಹತ್ತಿರ ಇಟ್ಟು, ರಾತ್ರಿಯಿಡೀ ಕಲಕಲು ಬಿಟ್ಟು, ಮರುದಿನ ಸಿಲಿಕಾದೊಡನೆ 60 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿದ ಬ್ಯಾಚ್ ಕುದಿನೀರನ್ನು ತಾಳಿಕೊಂಡಿತು.

ಇದರ ಹಿಂದೆಯೇ ಇನ್ನೊಂದು ಪಾಠವೂ ಇತ್ತು. 248 ಗ್ರಾಂ ಸಿಲೇನ್ ಪೂರ್ತಿಯಾಗಿ ನೀರಿನೊಡನೆ ವರ್ತಿಸಲು 54 ಗ್ರಾಂ ನೀರು ಬೇಕು, ಹಾಗೆ ವರ್ತಿಸಿದಾಗ 96 ಗ್ರಾಂ ಮೆಥನಾಲ್ ಹೊರಬರುತ್ತದೆ. ಈ ಮೆಥನಾಲನ್ನೂ ಲೇಪನದಲ್ಲಿರುವ ಐಸೊಪ್ರೊಪನಾಲ್ ದ್ರಾವಕವನ್ನೂ ದೀಪದ ಕೆಳಗೆ ಹೋಗುವ ಮೊದಲೇ ಹೊರಹಾಕದಿದ್ದರೆ, ಮೇಲ್ಮೈ ಗಟ್ಟಿಯಾಗಿ ಒಳಗೆ ಸಿಕ್ಕಿಬಿದ್ದ ದ್ರಾವಕ ಕೆಲವು ದಿನಗಳ ನಂತರ ಕೂದಲೆಳೆಯಷ್ಟು ಸಣ್ಣ ಬಿರುಕುಗಳಾಗಿ ತೋರುತ್ತದೆ. ಹೀಗಾಗಿ 60 ಡಿಗ್ರಿಯಲ್ಲಿ ಐದು ನಿಮಿಷ ಒಣಗಿಸುವ ಹಂತವನ್ನು ಬಿಡುವಂತಿಲ್ಲ. ‘ಕ್ಷಣದಲ್ಲಿ ಗಟ್ಟಿಯಾಗುವ ಲೇಪನ’ ಎಂಬ ಪ್ರಚಾರದ ಮಾತಿನಲ್ಲಿ ಈ ಐದು ನಿಮಿಷ ಎಂದೂ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಸರಿಪಡಿಸಿದ ಮೇಲೆ ಮಿಶ್ರ ಲೇಪನದ ಸವೆತದ ಮಬ್ಬು ಶೇಕಡಾ 4-5ಕ್ಕೆ ಇಳಿಯಿತು. ಅಂದರೆ ಸವೆತ ತಡೆಯುವುದರಲ್ಲಿ ಪಾಲಿಸಿಲಾಕ್ಸೇನಿಗಿಂತ ಕೆಳಗೆ, ಶುದ್ಧ ಅಕ್ರಿಲೇಟಿಗಿಂತ ಬಹಳ ಮೇಲೆ. ಪೆನ್ಸಿಲ್ ಗಡಸುತನದಲ್ಲಿ ಮಾತ್ರ ಮೂರಕ್ಕೂ ಹೆಚ್ಚು ಅಂತರ ಕಾಣಲಿಲ್ಲ, ಏಕೆಂದರೆ ಕೆಳಗಿನ ಹಾಳೆಯೇ ಮೆತ್ತಗಿರುವಾಗ ಪೆನ್ಸಿಲ್ ಅಳೆಯುವುದು ಲೇಪನವನ್ನಷ್ಟೇ ಅಲ್ಲ, ಹಾಳೆಯನ್ನೂ ಸಹ. ಈ ಒಂದು ಅಂಕಿಯನ್ನು ತೋರಿಸಿ ಲೇಪನ ಮಾರುವವರ ಬಗ್ಗೆ ನನಗೆ ಅನುಮಾನ ಹೆಚ್ಚಾಗಿದೆ. ಸಿಲಿಕಾವನ್ನು ಶೇಕಡಾ 40ಕ್ಕೆ ಏರಿಸಿದಾಗ ಸವೆತ ಇನ್ನಷ್ಟು ತಗ್ಗಿತು, ಆದರೆ ತುಂಡನ್ನು ಬಾಗಿಸಿದಾಗ ಪದರ ಸೀಳಿತು. 30ಕ್ಕೆ ಹಿಂತಿರುಗಿದೆ.

ನಾಲ್ಕನೆಯದಾಗಿ ಎಪಾಕ್ಸಿ ಸಿಲೇನಿನ ಕ್ಯಾಟಯಾನಿಕ್ (ಧನ ಅಯಾನುಗಳ ಮೂಲಕ ಗಟ್ಟಿಯಾಗುವ) ಲೇಪನವನ್ನೂ ಸ್ವಲ್ಪ ಕಾಲ ನೋಡಿದೆ. ಅದು ಕಡಿಮೆ ಕುಗ್ಗುತ್ತದೆ, ಅಕ್ರಿಲೇಟಿನ ಮೇಲ್ಮೈಯನ್ನು ಅಂಟಂಟಾಗಿಸುವ ಗಾಳಿಯ ಆಮ್ಲಜನಕ ಅದಕ್ಕೆ ಅಡ್ಡಿಯಾಗುವುದಿಲ್ಲ, ದೀಪ ಆರಿದ ಮೇಲೂ ಅದು ಗಟ್ಟಿಯಾಗುತ್ತ ಹೋಗುತ್ತದೆ. ಆದರೆ ಗಾಳಿಯ ತೇವ ಅದರ ವೇಗವನ್ನು ತಗ್ಗಿಸುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಒಂದೇ ಪಾಕ ಒಂದೊಂದು ದಿನ ಒಂದೊಂದು ರೀತಿ ವರ್ತಿಸಿದ್ದನ್ನು ಕಂಡು ಕೈಬಿಟ್ಟೆ.

ಹೊರಾಂಗಣದ ವಿಷಯದಲ್ಲಿ ಬೆಳಕಿನ ಲೇಪನಗಳಿಗೆ ಒಂದು ಒಳವಿರೋಧ ಅಂಟಿಕೊಂಡೇ ಬರುತ್ತದೆ. ಬಿಸಿಲಿಗೆ ಪಾಲಿಕಾರ್ಬೊನೇಟ್ ಹಳದಿಯಾಗದಂತೆ ತಡೆಯಲು ನೇರಳಾತೀತ ಹೀರಕ ಬೆರೆಸಬೇಕು, ಆದರೆ ಆ ಹೀರಕ ಫೋಟೊಇನಿಷಿಯೇಟರಿಗೆ ಬೇಕಾದ ಬೆಳಕನ್ನೇ ನುಂಗುತ್ತದೆ. 400 ನ್ಯಾನೊಮೀಟರಿನ ಸಮೀಪದವರೆಗೂ ಬೆಳಕು ಹೀರುವ ಟಿಪಿಒ ಎಂಬ ಫೋಟೊಇನಿಷಿಯೇಟರ್ ಬಳಸಿ ಈ ತೊಡಕನ್ನು ದಾಟಬಹುದು. ಆದರೆ ಯುರೋಪ್ ಅದನ್ನು 2023ರಲ್ಲಿ ತೀವ್ರ ಕಳವಳದ ರಾಸಾಯನಿಕಗಳ ಪಟ್ಟಿಗೆ ಸೇರಿಸಿರುವುದರಿಂದ ರಫ್ತಿನ ಸಾಮಾನಿಗೆ ಅದನ್ನು ನಂಬಿ ಕೂರುವಂತಿಲ್ಲ. ಓವನ್ನಿನ ಪಾಲಿಸಿಲಾಕ್ಸೇನಿಗೆ ಈ ಜಗಳವೇ ಇಲ್ಲ.

ಹೀಗಾಗಿ ನಾನು ಈಗ ಬಿಸಿಲಿನಲ್ಲಿ ನಿಲ್ಲುವ ಪಾಲಿಕಾರ್ಬೊನೇಟ್ ಕವಚಗಳನ್ನು ಓವನ್ನಿಗೇ ಕಳಿಸುತ್ತೇನೆ. ಒಳಾಂಗಣದ ಫಲಕಗಳಿಗೆ, ಅಕ್ರಿಲಿಕ್ ಮತ್ತು ಎಬಿಎಸ್ ಭಾಗಗಳಿಗೆ ಮಿಶ್ರ ಲೇಪನವನ್ನು ಹಾಕುತ್ತೇನೆ. ಅದರ ಡಬ್ಬವನ್ನು ಫ್ರಿಜ್ಜಿನಲ್ಲಿಡಬೇಕು, ವಾರಕ್ಕೊಮ್ಮೆ ಸ್ನಿಗ್ಧತೆ ಅಳೆಯಬೇಕು, ಏಕೆಂದರೆ ಮುಚ್ಚಿಟ್ಟ ಕತ್ತಲಲ್ಲೂ ಸಿಲನಾಲ್‌ಗಳು ಒಂದಕ್ಕೊಂದು ಕೂಡುತ್ತಲೇ ಇರುತ್ತವೆ. ಕಳೆದ ಸಲ ತಯಾರಿಸಿದ ಡಬ್ಬ ಮೂರನೆಯ ತಿಂಗಳಿಗೆ ಎಣ್ಣೆಯ ಹದವನ್ನು ಬಿಟ್ಟು ಜೇನಿನ ಹದಕ್ಕೆ ಬಂದಿತ್ತು.