ಬಣ್ಣ ಬದಲಾಗೋ ಉಲನ್ ಕೇಕ್: ಶಾಲಿಗೆ ಕಣ್ಮುಚ್ಚಿ ತಗೊಳ್ಳಿ, ಸ್ವೆಟರ್‌ಗೆ ಬೇಡ

200 ಗ್ರಾಂ ಕೇಕ್, ಅಂದ್ರೆ ಕೇಕ್ ಥರ ಚಪ್ಪಟೆಯಾಗಿ ಸುತ್ತಿರೋ ಹೆಣಿಗೆ ದಾರದ ಉಂಡೆ, ಕಾಟನ್-ಅಕ್ರಿಲಿಕ್ ಮಿಕ್ಸ್, ಒಳಗಡೆ ತಿಳಿ ಹಳದಿ, ಹೊರಗೆ ಬರ್ತಾ ಬರ್ತಾ ನವಿಲು ಬಣ್ಣ. ನಾಲ್ಕು ಎಳೇನ ಹುರಿ ಮಾಡ್ದೆ ಹಾಗೇ ಜೊತೆಗಿಟ್ಟು ಸುತ್ತಿರ್ತಾರೆ, ಒಂದ್ಸಲಕ್ಕೆ ಒಂದೇ ಎಳೆ ಗಂಟು ಹಾಕಿ ಬದಲಾಯಿಸ್ತಾರೆ, ಅದಕ್ಕೇ ಬಣ್ಣ ಯಾವಾಗ ತಿರುಗ್ತು ಅಂತಾನೇ ಗೊತ್ತಾಗಲ್ಲ, ನಿಜವಾಗ್ಲೂ ಅಷ್ಟು ಚೆನ್ನಾಗಿದೆ. ಆದ್ರೆ ತುದಿ ಚೂಪಿರೋ ಕಡ್ಡಿ ಹಿಡಿದ್ರೆ ಎಳೆ ಸೀಳ್ಕೊಳತ್ತೆ, ಸ್ವಲ್ಪ ಮೊಂಡು ತುದಿದೇ ವಾಸಿ.

ನಾನು ಮೊದಲು ಅಕ್ಕನ ಮಗನಿಗೆ ಸ್ವೆಟರ್ ಶುರು ಮಾಡ್ದೆ, ಅಲ್ಲೇ ತಪ್ಪಾಗಿದ್ದು. ಮೈಭಾಗ ಅಗಲ, ಬಣ್ಣ ಬೇಗ ಬೇಗ ಮುಗಿಯತ್ತೆ, ತೋಳು ಸಣ್ಣ ಸುತ್ತು, ಒಂದೇ ಬಣ್ಣ ಮೊಣಕೈವರೆಗೂ ಬರತ್ತೆ, ಎರಡೂ ಹೊಂದೋದೇ ಇಲ್ಲ ಕಣ್ರೀ. ಪೂರ್ತಿ ಬಿಚ್ಚಿ ತ್ರಿಕೋನದ ಶಾಲು ಹಾಕ್ದೆ, ತುದಿಯಿಂದ 3 ಸ್ಟಿಚ್‌ಗೆ ಶುರು, ಬರೀ ಗಾರ್ಟರ್ ಸ್ಟಿಚ್, ಅಂದ್ರೆ ಎಲ್ಲಾ ಸಾಲೂ ನಿಟ್ ಸ್ಟಿಚ್ಚೇ. ಸಾಲು ಉದ್ದ ಆದಂಗೆಲ್ಲ ದಾರ ಜಾಸ್ತಿ ಬೇಕಲ್ವಾ, ಹಾಗಾಗಿ ಹಳದಿ ಒಂದು ಗೇಣು ಬಂತು, ಕೊನೇ ನವಿಲು ಬಣ್ಣ ನಾಲ್ಕು ಬೆರಳಗಲ ಅಷ್ಟೇ, ಆದ್ರೆ ಅಂಚು ಕಟ್ಟಿದಂಗೆ ಕಾಣತ್ತೆ, ನೋಡಿದ್ರೆ ಕಣ್ಣು ತುಂಬತ್ತೆ. ಎಲ್ಲಾ ಬಣ್ಣ ಒಂದೇ ಅಗಲ ಬೇಕು ಅನ್ನೋರು ಉದ್ದನೆ ಸ್ಕಾರ್ಫ್ ಹಾಕಿ. ಕೇಬಲ್ ಡಿಸೈನ್ ಅಂತೂ ಬೇಡ್ವೇ ಬೇಡ, ಅಷ್ಟು ಕಷ್ಟಪಟ್ಟು ಹಾಕಿದ ಜಡೆ ಬಣ್ಣದಲ್ಲಿ ಮುಚ್ಚೋಗತ್ತೆ.

ಎರಡು ಕೇಕ್ ಬೇಕಾದ್ರೆ ಒಂದೇ ಲಾಟ್ ನಂಬರ್ (ಒಟ್ಟಿಗೇ ಬಣ್ಣ ಹಾಕಿದ ಕಂತಿನ ನಂಬರ್) ನೋಡಿ ಒಟ್ಟಿಗೇ ತಗೊಳ್ಳಿ, ಎರಡನೇದನ್ನ ಮೊದಲನೇದು ಮುಗಿದ ಬಣ್ಣದಿಂದಲೇ ಶುರು ಮಾಡಿ. ನಾನು ಇನ್ನೊಂದು ತರ್ತೀನಿ, ಈ ಸಲ ಅಮ್ಮಂಗೆ.