ಲೆಕ್ಕ ಬರೆಯೋರ ಸಂಘದ ಮೆಂಬರ್‌ಶಿಪ್: ಜಿಎಸ್‌ಟಿ ಬಂದಾಗಿಂದ ಇದೀನಿ, ಇನ್ನೂ ರಿನ್ಯೂ ಮಾಡಿಸ್ತಿದೀನಿ

ರೇಟಿಂಗ್: 5ಕ್ಕೆ 4

ನಾನು ಯಾವ ಆಫೀಸಲ್ಲೂ ನೌಕರಿಗಿಲ್ಲ, ದಾವಣಗೆರೇಲಿ ನನ್ನಷ್ಟಕ್ಕೆ ನಾನೇ ಅಂಗಡಿಗಳ ಲೆಕ್ಕ ಬರೀತೀನಿ. ಟ್ಯಾಲಿ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಎಂಟ್ರಿ, ಜಿಎಸ್‌ಟಿ ರಿಟರ್ನ್, ವರ್ಷದ ಕೊನೇಲಿ ಫೈನಲ್ ಮಾಡಿ ಸಿಎ ಹತ್ರ ಕೊಡೋದು, ಇಷ್ಟೇ. ನಮ್ಮಂಥೋರು ಮತ್ತೆ ಟ್ಯಾಕ್ಸ್ ಕನ್ಸಲ್ಟೆಂಟ್‌ಗಳು ಸೇರಿ ಮಾಡ್ಕೊಂಡಿರೋ ಒಂದು ಲೋಕಲ್ ಸಂಘಕ್ಕೆ 2017ರಲ್ಲಿ ಜಿಎಸ್‌ಟಿ ಶುರು ಆದಾಗ ಸೇರಿದೆ. ಹೆಸರು ಹಾಕಲ್ಲ, ಕೆಳಗೆ ಸ್ವಲ್ಪ ಬೈದಿದೀನಿ, ಅಲ್ಲಿರೋರು ಇದನ್ನ ಓದ್ತಾರೆ.

ಸೇರುವಾಗ ಭಾಷಣ ಕೇಳೋಕೆ ದುಡ್ಡು ಕೊಡ್ಬೇಕಾ, ಯೂಟ್ಯೂಬಲ್ಲಿ ಎಲ್ಲಾ ಇದೆಯಲ್ಲ ಅನ್ಕೊಂಡಿದ್ದೆ. ಭಾಷಣದ ಮಟ್ಟಿಗೆ ಈಗ್ಲೂ ಅದೇ ಮಾತು. ಆದ್ರೆ ಯೂಟ್ಯೂಬಲ್ಲಿ ಹೇಳೋರಿಗೆ ನಮ್ಮೂರ ಮಂಡಕ್ಕಿ ಭಟ್ಟಿ ಗೊತ್ತಿರಲ್ಲ. 2022 ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಮಂಡಕ್ಕಿ, ಅಕ್ಕಿ, ಹಿಟ್ಟಿಗೆಲ್ಲ 5% ಬಂತಲ್ಲ, ಆವಾಗ ಭಟ್ಟಿಯವ್ರು ಒಬ್ಬರ ಮೇಲೊಬ್ರು ಫೋನು, ಚೀಲಕ್ಕೆ ಹೊಲಿಗೆ ಹಾಕಿದ್ರೆ ಟ್ಯಾಕ್ಸಾ, ಚೀಲದ ಮೇಲೆ ಅಂಗಡಿ ಹೆಸರಿನ ಸೀಲ್ ಇದ್ರೆ ಟ್ಯಾಕ್ಸಾ ಅಂತ. ಆ ವಾರ ಮೀಟಿಂಗಲ್ಲಿ ಇದೇ ಲೈನ್ ಪಾರ್ಟಿಗಳು, ಅಂದ್ರೆ ನಾವು ಲೆಕ್ಕ ಬರೆಯೋ ಗಿರಾಕಿಗಳು, ಇರೋರೆಲ್ಲ ಒಂದು ಮೂಲೇಲಿ ಕೂತ್ವಿ, ಒಬ್ರು ಖಾಲಿ ಚೀಲಾನೇ ತಂದಿದ್ರು, ಅದನ್ನ ಟೇಬಲ್ ಮೇಲೆ ಹರವಿ ತೂಕ-ಅಳತೆ ಕಾನೂನಲ್ಲಿ ಲೇಬಲ್ ಅಂದ್ರೆ ಏನೇನಿರ್ಬೇಕು ಅಂತ ಸೀನಿಯರ್ ಒಬ್ರು ಓದಿ ಹೇಳಿದ್ರು. ಎಲ್ರೂ ಪಾರ್ಟಿಗಳಿಗೆ ಒಂದೇ ಉತ್ತರ ಕೊಟ್ವಿ. ಅದು ಸಣ್ಣದಲ್ಲ, ಒಬ್ಬ ಟ್ಯಾಕ್ಸ್ ಇದೆ ಅಂದು ಪಕ್ಕದ ಬೀದಿಯವ್ನು ಇಲ್ಲ ಅಂದ್ರೆ ಪಾರ್ಟಿ ಯಾರ ಕಡೆ ಹೋಗ್ತಾನೆ ಅಂತ ಬಿಡಿಸಿ ಹೇಳ್ಬೇಕಾ.

ಸಂಘದ ಬೆಲೆ ಪೂರ್ತಿ ಗೊತ್ತಾಗಿದ್ದು 2025 ಜುಲೈನಲ್ಲಿ. ಯುಪಿಐ ಲೆಕ್ಕ ಹಿಡ್ಕೊಂಡು ರಾಜ್ಯದ ತುಂಬಾ ಬೇಕರಿ, ಕಾಂಡಿಮೆಂಟ್ಸ್, ತರಕಾರಿಯವ್ರಿಗೆಲ್ಲ ಜಿಎಸ್‌ಟಿ ನೋಟಿಸ್ ಬಂತಲ್ಲ, ಅಂಗಡಿಯವ್ರು ಕ್ಯೂಆರ್ ಕೋಡ್ ಕಿತ್ತು ಕ್ಯಾಶ್ ಓನ್ಲಿ ಅಂತ ಬೋರ್ಡ್ ಹಾಕಿದ್ರಲ್ಲ, ಆವಾಗ. ಅವರಲ್ಲಿ ಸುಮಾರು ಜನ ಅಲ್ಲಿವರೆಗೂ ಲೆಕ್ಕಾನೇ ಬರೆಸಿದೋರಲ್ಲ, ನೋಟಿಸ್ ಹಿಡ್ಕೊಂಡು ಸೀದಾ ನಮ್ಮನೆ ಬಾಗಿಲಿಗೆ ಬಂದ್ರು. ಸಂಘದಲ್ಲಿ ಒಬ್ರು ಎಕ್ಸೆಲ್ ಶೀಟ್ ರೆಡಿ ಮಾಡಿ ಎಲ್ರಿಗೂ ಕೊಟ್ರು: ಬ್ಯಾಂಕ್ ಸ್ಟೇಟ್‌ಮೆಂಟ್‌ನ ತಾರೀಕಿನ ಪ್ರಕಾರ ಇಳಿಸ್ಕೊಂಡು ವ್ಯಾಪಾರದ್ದು ಒಂದು ಕಾಲಂ, ಮನೆಯವ್ರು ಹಾಕಿದ್ದು, ಕೈಸಾಲ ವಾಪಸ್ ಬಂದಿದ್ದು ಇನ್ನೊಂದು, ಹಾಲು ತರಕಾರಿ ಥರ ಟ್ಯಾಕ್ಸೇ ಇಲ್ಲದ ಮಾಲು ಮೂರನೇದು. ನನ್ನ ಹತ್ರ ಬಂದ ಒಬ್ಬ ಅಂಗಡಿಯವ್ನಿಗೆ ಅವನ ಭಾಮೈದನ ಚೀಟಿ ದುಡ್ಡು ಕೂಡ ಅದೇ ಕ್ಯೂಆರ್‌ಗೆ ಬಿದ್ದಿತ್ತು! ಅದನ್ನೆಲ್ಲ ತೆಗೆದು ಪರ್ಚೇಸ್ ಬಿಲ್ ಪಕ್ಕ ಇಟ್ಟಾಗ ವ್ಯಾಪಾರ ಎಷ್ಟು ಅನ್ನೋದು ಕಣ್ಣಿಗೆ ಕಂಡಿದ್ದು. ಮಾಲಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದ್ರೆ ಜಿಎಸ್‌ಟಿ ರಿಜಿಸ್ಟ್ರೇಷನ್ ಬೇಕು ಅನ್ನೋ ಮಿತಿ ಇದೆಯಲ್ಲ, ಅದನ್ನ ನೋಡುವಾಗ ಟ್ಯಾಕ್ಸ್ ಇಲ್ಲದ ಮಾಲೂ ಟರ್ನೋವರಲ್ಲಿ ಸೇರುತ್ತೆ, ಆದ್ರೆ ಬರೀ ಟ್ಯಾಕ್ಸ್ ಇಲ್ಲದ ಮಾಲೇ ಮಾರೋನಿಗೆ ರಿಜಿಸ್ಟ್ರೇಷನ್ನೇ ಬೇಡ. ಈ ವ್ಯತ್ಯಾಸದ ಮೇಲೆ ಮೀಟಿಂಗಲ್ಲಿ ಜೋರು ಜಗಳಾನೇ ಆಯ್ತು, ಆಗಿದ್ದು ಒಳ್ಳೇದೇ ಆಯ್ತು. ಆಮೇಲೆ ಹಳೇ ಬಾಕಿ ವಸೂಲಿ ಮಾಡಲ್ಲ ಅಂತ ಮುಖ್ಯಮಂತ್ರಿ ಹೇಳಿದ್ರು, ಅಷ್ಟರಲ್ಲಿ ನಮ್ಮೋರ ಉತ್ತರಗಳು ಬಹುತೇಕ ರೆಡಿ ಇದ್ವು.

ಇನ್ನೊಂದು ಲಾಭ ಬೋರ್ಡಲ್ಲಿ ಬರೆದಿರಲ್ಲ. ಒಂಟಿಯಾಗಿ ಕೆಲಸ ಮಾಡೋನಿಗೆ ಜ್ವರ ಬರೋ ಹಾಗಿಲ್ಲ, ಯಾಕಂದ್ರೆ ಪ್ರತಿ ತಿಂಗಳು 11ಕ್ಕೆ ಮಾರಾಟದ ವಿವರ ಕೊಡೋ ಜಿಎಸ್‌ಟಿಆರ್ 1, 20ಕ್ಕೆ ಟ್ಯಾಕ್ಸ್ ಕಟ್ಟೋ 3ಬಿ ರಿಟರ್ನ್, ಮೂರು ತಿಂಗಳಿಗೊಮ್ಮೆ ಹಾಕೋರಿಗೆ 22, ತಪ್ಪಿದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಪಾರ್ಟಿ ಅದನ್ನ ನಮ್ಮ ಫೀಸಲ್ಲೇ ಮುರ್ಕೋತಾನೆ. ನಾನೂ ಇನ್ನೊಬ್ಬ ಮೆಂಬರೂ ಮಾತಾಡ್ಕೊಂಡಿದೀವಿ, ನಾನು ಮಲಗಿದ್ರೆ ನನ್ನ ಪಾರ್ಟಿಗಳದ್ದು ಅವರು ಹಾಕ್ತಾರೆ, ಅವರದ್ದು ನಾನು. ನಮ್ಮಪ್ಪ ಆಸ್ಪತ್ರೇಲಿದ್ದಾಗ ಅವರು ನನ್ನ ಲ್ಯಾಪ್‌ಟಾಪ್ ತಗೊಂಡ್ಹೋಗಿ ಪಾರ್ಟಿಗಳಿಗೆ ಫೋನ್ ಮಾಡಿ ಓಟಿಪಿ ಕೇಳಿ ಒಂದೊಂದೇ ಹಾಕಿ ಮುಗಿಸಿದ್ರು, ಒಬ್ಬ ಪಾರ್ಟಿನೂ ತಮ್ಮ ಕಡೆ ಎಳ್ಕೊಳ್ಳಲಿಲ್ಲ. ಸಂಘದ ಪರಿಚಯ ಇರದಿದ್ರೆ ಪಾಸ್‌ವರ್ಡ್ ಯಾರ ಕೈಗೆ ಕೊಡ್ತಿದ್ದೆ ನಾನು?

ಪಾರ್ಟಿ ಇನ್ನೊಬ್ಬ ಮೆಂಬರ್‌ನ ಬಿಟ್ಟು ನಮ್ಮ ಹತ್ರ ಬಂದಾಗ ಆ ಹಳೇ ಅಕೌಂಟೆಂಟ್‌ಗೆ ಒಂದು ಫೋನ್ ಮಾಡಿ ಫೀಸ್ ಬಾಕಿ ಇದೆಯಾ ಕೇಳೋದು, ಅವರು ಟ್ಯಾಲಿ ಬ್ಯಾಕಪ್ ಕೊಡೋದು, ಈ ಪದ್ಧತಿನೂ ಮೆಂಬರ್‌ಗಳ ಮಧ್ಯೆ ನಡೀತಿದೆ. ಹೊರಗಿನೋರ ಹತ್ರ ಡೇಟಾ ತಗೋಬೇಕಂದ್ರೆ ಚಪ್ಪಲಿ ಸವೀಬೇಕು.

ಈಗ ಒಂದು ಸ್ಟಾರ್ ಯಾಕೆ ಕಡಿಮೆ ಅಂದ್ರೆ, ಮೀಟಿಂಗಲ್ಲಿ ರೇಟ್ ಇಳಿಸ್ಬೇಡಿ ಅಂತ ಮೈಕ್ ಹಿಡಿದು ಹೇಳೋರೇ ಮರುದಿನ 300 ರೂಪಾಯಿಗೆ ತಿಂಗಳ ರಿಟರ್ನ್ ಒಪ್ಕೊಂಡಿರ್ತಾರೆ, ಕೇಳಿದ್ರೆ ಸಂಬಂಧಿಕರು ಅಂತಾರೆ, ಊರೆಲ್ಲಾ ಸಂಬಂಧಿಕರಾ ಇವ್ರಿಗೆ. ಸನ್ಮಾನ, ಶಾಲು, ಹಾರಕ್ಕೆ ಮುಕ್ಕಾಲು ಗಂಟೆ ಹೋಗುತ್ತೆ. ಹೆಂಗಸರು ಲೆಕ್ಕ ಬರೆಯೋರು ಊರಲ್ಲಿ ಇಷ್ಟೊಂದಿದ್ದಾರೆ, ಮೀಟಿಂಗ್ ರಾತ್ರಿ ಇಟ್ರೆ ಅವರು ಹೆಂಗೆ ಬರ್ಬೇಕು, ಕಮಿಟೀಲೂ ಅವರಿಲ್ಲ. ವಾಟ್ಸಾಪ್ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಮಧ್ಯೆ ಸರ್ಕ್ಯುಲರ್ ಹುಡುಕೋದೇ ಒಂದು ಕೆಲಸ.

ಒಂದೇ ಕಂಪನೀಲಿ ಸಂಬಳಕ್ಕಿರೋರಿಗೆ ಇದು ಅಷ್ಟೇನೂ ಬೇಕಾಗಲ್ಲ. ಸ್ವಂತ ಪಾರ್ಟಿ ಹಿಡಿದಿರೋರು, ಅದ್ರಲ್ಲೂ ಹೊಸಬರು, ಮೊದಲು ಎರಡು ಮೀಟಿಂಗ್ ಸುಮ್ನೆ ಹೋಗಿ ಕೂತು ನೋಡಿ ಆಮೇಲೆ ದುಡ್ಡು ಕಟ್ಟಿ, ಭಾಷಣ ಮುಗಿದ್ಮೇಲೆ ಟೀ ಕುಡಿಯೋ ಹೊತ್ತಿಗಂತೂ ಎದ್ದು ಹೋಗ್ಬೇಡಿ, ಕೆಲಸದ ಮಾತು ಶುರುವಾಗೋದೇ ಆವಾಗ. ಮೀಟಿಂಗನ್ನ 20ನೇ ತಾರೀಕಿನ ಆಸುಪಾಸು ಇಡ್ಬೇಡ್ರಪ್ಪ ಅಂತ ಈ ಸಲ ರಿನ್ಯೂವಲ್ ಫಾರ್ಮ್ ಹಿಂದೇನೇ ಬರೆದು ಕೊಟ್ಟಿದೀನಿ, ನೋಡೋಣ.