ಅಂಗಾಲಿನ ಕಪ್ಪು ಕಲೆಗೆ ಆ್ಯಪ್‌ನಲ್ಲಿ ಮುಲಾಮು ಬರೆಸಿಕೊಳ್ಳಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಂಗಾಲು, ಅಂಗೈ, ಉಗುರಿನಡಿ, ಈ ಮೂರು ಕಡೆ ಹೊಸದಾಗಿ ಕಪ್ಪು ಕಲೆ ಕಂಡರೆ ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇರಬಹುದು, ಫೋಟೊ ಕಳಿಸಿ ಮುಲಾಮು ತರಿಸಿಕೊಂಡು ಸುಮ್ಮನೆ ಕೂರಬೇಡಿ. ನಾವು ಕೂತೆವು. ಹನ್ನೊಂದು ವಾರ.

ಸಾಗರದ ಕಡೆಯ ಅಡಿಕೆ ತೋಟದ ಮನೆ. ದೊಡ್ಡಪ್ಪನ ಬಲ ಹಿಮ್ಮಡಿಯಲ್ಲಿ ಸುಮಾರು 9 ಮಿ.ಮೀ. ಕಪ್ಪು ಕಲೆ. ಅಡಿಕೆ ಬೇಯಿಸುವ ಮನೆಯಲ್ಲಿ ಕೈಕಾಲು ಕಪ್ಪಾಗುವುದು ಹೊಸದಲ್ಲ, ಚೊಗರು (ಅಡಿಕೆ ಬೇಯಿಸಿದ ರಸದ ಕರೆ) ಅಂತ ಎಲ್ಲರೂ ಬಿಟ್ಟೆವು. ಆದರೆ ಚೊಗರು ಹಿಡಿಯುವುದು ಚರ್ಮದ ಮೇಲುಸಿಪ್ಪೆಗೆ. ಸುಗ್ಗಿ ಮುಗಿದ ಮೇಲೆ ಸಿಪ್ಪೆಯ ಜೊತೆ ತಾನೂ ಹೋಗುತ್ತದೆ. ಇದು ಮಳೆಗಾಲ ಬಂದರೂ ಹೋಗಲಿಲ್ಲ, ಒಂದು ಪಕ್ಕಕ್ಕೆ ಚಾಚಿಕೊಂಡಿತು. ಶಿವಮೊಗ್ಗಕ್ಕೆ ಹೋದರೆ ಒಂದು ದಿನದ ಕೆಲಸ ಕೆಡುತ್ತದೆ ಅಂತ ಮೊಬೈಲಿನಲ್ಲೇ ಡಾಕ್ಟರನ್ನು ಕೇಳುವ ಆ್ಯಪ್. ಒಂದು ಸಲಕ್ಕೆ 499 ರೂಪಾಯಿ.

ವಿಡಿಯೊ ಇಲ್ಲ, ಬರೀ ಚಾಟ್. ಎರಡು ಫೋಟೊ ಕಳಿಸಿದ್ದಾಯಿತು.

"ತುರಿಕೆ ಇದೆಯಾ?" ಇಲ್ಲ.
"ಬರಿಗಾಲಲ್ಲಿ ಓಡಾಡ್ತಾರಾ?" ಹೌದು, ತೋಟದಲ್ಲಿ.
"ಫಂಗಲ್. ಡೋಂಟ್ ವರಿ."

ನಾಲ್ಕು ನಿಮಿಷ! ಎಷ್ಟು ತಿಂಗಳಿಂದ ಇದೆ, ದೊಡ್ಡದಾಗ್ತಿದೆಯಾ, ರಕ್ತ ಬಂದಿತ್ತಾ, ತೊಡೆಸಂದಿಯಲ್ಲಿ ಗಂಟಿದೆಯಾ, ಒಂದನ್ನೂ ಕೇಳಲಿಲ್ಲ. ಶಿಲೀಂಧ್ರಕ್ಕೆ ಹಚ್ಚುವ ಲುಲಿಕೊನಜೋಲ್ ಮುಲಾಮು ಬರೆದರು. ನಾಲ್ಕು ವಾರ ಬಿಟ್ಟು "ಕಡಿಮೆ ಆಗಿಲ್ಲ ಡಾಕ್ಟ್ರೇ" ಅಂದರೆ "ಸರಿಯಾಗಿ ಹಚ್ಚಿರಲ್ಲ, ಇನ್ನೂ ಒಂದು ತಿಂಗಳು" ಅಂತ ಉತ್ತರ. ಈ ಸಲ ಕ್ಲೊಬೆಟಸಾಲ್ ಬೆರೆತ ಮುಲಾಮು, ಅಂದರೆ ಸ್ಟಿರಾಯ್ಡ್. ಸ್ಟಿರಾಯ್ಡ್ ಕೆಂಪನ್ನೂ ಊತವನ್ನೂ ಇಳಿಸುತ್ತದೆ, ಒಳಗಿನದು ಒಳಗೇ ಇರುತ್ತದೆ. ಸುತ್ತಲಿನ ಚರ್ಮ ತಿಳಿಯಾದದ್ದು ನೋಡಿ ವಾಸಿಯಾಗುತ್ತಿದೆ ಅಂತ ಮನೆಯಲ್ಲಿ ಖುಷಿಪಟ್ಟದ್ದು ನೆನೆದರೆ ಈಗ ನಾಚಿಕೆ. ಮೂರನೇ ಸಲ, ರಕ್ತ ಒಸರುತ್ತಿದೆ ಅಂದೆವು. "ಚಪ್ಪಲಿ ಉಜ್ಜಿರಬೇಕು." ಗಾಯಕ್ಕೆ ಹಚ್ಚುವ ಆಂಟಿಬಯಾಟಿಕ್ ಮುಲಾಮು ಮುಪಿರೋಸಿನ್ ಬರೆದರು. ಚಪ್ಪಲಿಯಂತೆ! ಬರಿಗಾಲಲ್ಲಿ ಓಡಾಡುವವರು ಅಂತ ಬರೆದುಕೊಂಡವರೇ ಅವರು.

ಕೊನೆಗೆ ಶಿವಮೊಗ್ಗಕ್ಕೇ ಹೋದೆವು. ಅಲ್ಲಿನ ಚರ್ಮವೈದ್ಯರು ಡರ್ಮೊಸ್ಕೋಪ್ ಹಿಡಿದು ನೋಡಿದ್ದು ಹೆಚ್ಚೆಂದರೆ ಒಂದು ನಿಮಿಷ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಬೆಳಕಿರುವ ಸಣ್ಣ ಮಸೂರ ಅದು. "ಇಷ್ಟು ದಿನ ಇದಕ್ಕೆ ಏನು ಹಚ್ಚಿದ್ರಿ?" ಅಂದರು. ಮೊಬೈಲ್ ತೆಗೆದು ಆ್ಯಪ್‌ನ ಚೀಟಿ ತೋರಿಸುವಾಗಲೇ ಕೆಳಗಿನ ಸಣ್ಣ ಅಕ್ಷರ ಕಣ್ಣಿಗೆ ಬಿದ್ದದ್ದು. ಮೇಲೆ "ಸ್ಕಿನ್ ಎಕ್ಸ್‌ಪರ್ಟ್", ಕೆಳಗೆ ಬರೀ ಎಂಬಿಬಿಎಸ್. ಅದಕ್ಕೂ ಕೆಳಗೆ, ಈ ಸಲಹೆ ನೇರ ಪರೀಕ್ಷೆಗೆ ಬದಲಲ್ಲ ಎಂಬ ಸಾಲು. ಬದಲಲ್ಲ ಅಂತ ಗೊತ್ತಿದ್ದ ಮೇಲೆ ಮೂರು ಸಲ ಯಾಕೆ ಬರೆದುಕೊಟ್ಟಿರಿ?

ಡರ್ಮೊಸ್ಕೋಪ್‌ನಲ್ಲಿ ಕಂಡದ್ದು ಇದು. ಅಂಗಾಲಿನ ಚರ್ಮದಲ್ಲಿ ಉತ್ತ ಗದ್ದೆಯ ಹಾಗೆ ದಿಬ್ಬ-ಸಾಲು ಇರುತ್ತವೆ. ನಿರುಪದ್ರವಿ ಮಚ್ಚೆಯ ಬಣ್ಣ ಸಾಮಾನ್ಯವಾಗಿ ಸಾಲಿನಲ್ಲಿ ನಿಲ್ಲುತ್ತದೆ. ಮೆಲನೋಮದ ಬಣ್ಣ ದಿಬ್ಬದ ಮೇಲೆ ಕೂರುತ್ತದೆ, ಬೆವರಿನ ರಂಧ್ರಗಳು ಬಿಳಿ ಚುಕ್ಕೆಗಳಾಗಿ ಕಾಣುವ ಜಾಗದಲ್ಲೇ. ಹೊರಗಿನ ಬಣ್ಣ ಹತ್ತಿದ ಕಲೆಯೂ ದಿಬ್ಬದ ಮೇಲೆ ಕಾಣುವುದುಂಟು, ಆದರೆ ಅದು ಸಿಪ್ಪೆ ಕೆರೆದರೆ ಹೋಗುತ್ತದೆ. ಅಂಗಾಲಲ್ಲಿ ಕಪ್ಪು ಕಲೆ ಮಾಡುವ ಶಿಲೀಂಧ್ರವೂ ಅಪರೂಪಕ್ಕೆ ಇದೆ. ಅದಾದರೆ ಸಿಪ್ಪೆಯ ಚೂರನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಿಗುತ್ತದೆ. ಫಂಗಲ್ ಅಂದವರು ಈ ಪರೀಕ್ಷೆಯನ್ನಾದರೂ ಬರೆಯಬಹುದಿತ್ತಲ್ಲ? ಮೊಬೈಲ್ ಫೋಟೊದಲ್ಲಿ ದಿಬ್ಬ-ಸಾಲು ಬಿಡಿಸಿ ಹೇಳುವುದು ಕಷ್ಟ, ಸಿಪ್ಪೆ ಕೆರೆಯಲಂತೂ ಆಗುವುದಿಲ್ಲ.

ಬಯಾಪ್ಸಿ ವರದಿ: ಏಕ್ರಲ್ ಮೆಲನೋಮ (ಅಂಗೈ, ಅಂಗಾಲು, ಉಗುರಿನಡಿ ಬರುವ ಬಗೆ), ಆಳ 2.3 ಮಿ.ಮೀ. ಬ್ರೆಸ್ಲೋ ಅನ್ನುವ ಈ ಆಳದ ಮೇಲೆಯೇ ಮುಂದಿನದೆಲ್ಲ ನಿಂತಿದೆ. 1 ಮಿ.ಮೀ. ಒಳಗಿದ್ದರೆ ಸುತ್ತ 1 ಸೆಂ.ಮೀ. ಚರ್ಮ ತೆಗೆದರೆ ಸಾಕು. 2 ದಾಟಿದರೆ ಸುತ್ತ 2 ಸೆಂ.ಮೀ. ತೆಗೆಯಬೇಕು, ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ತೊಡೆಸಂದಿಯ ದುಗ್ಧಗ್ರಂಥಿಯನ್ನೂ ತೆಗೆದು ನೋಡಬೇಕು. ಹಿಮ್ಮಡಿಯಲ್ಲಿ ಎಳೆದು ಹೊಲಿಯುವಷ್ಟು ಸಡಿಲ ಚರ್ಮ ಎಲ್ಲಿದೆ? ಬೇರೆ ಕಡೆಯಿಂದ ತಂದು ಹಾಕಿದರು. ಹನ್ನೊಂದು ವಾರ ಮೊದಲು ಆಳ ಎಷ್ಟಿತ್ತೋ, ಇನ್ನು ಯಾರೂ ಹೇಳಲಾರರು.

ಕಪ್ಪು ಮೈಯವರಿಗೆ ಚರ್ಮದ ಕ್ಯಾನ್ಸರ್ ಬರುವುದಿಲ್ಲ ಅನ್ನುವವರಿಗೆ ಒಂದು ಮಾತು. ನಮ್ಮಂಥವರಿಗೆ ಮೆಲನೋಮ ಬಂದರೆ ಹೆಚ್ಚಾಗಿ ಬರುವುದೇ ಅಂಗಾಲು, ಅಂಗೈ, ಉಗುರಿಗೆ. ಬಿಸಿಲಿಗೂ ಇದಕ್ಕೂ ಅಂಥ ನಂಟಿಲ್ಲ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದು ಕಾಲ್ಬೆರಳ ಉಗುರಿನಡಿ, ಮೊದಲು ಫುಟ್‌ಬಾಲ್ ಏಟು ಅಂದುಕೊಂಡಿದ್ದರು. 1981ರಲ್ಲಿ ತೀರಿಕೊಂಡರು.

ದೂರದ ಸಮಾಲೋಚನೆಯೇ ಮೋಸ ಅಂತಲ್ಲ. ಊರಿನಲ್ಲೇ ಯಾರಾದರೂ ಡರ್ಮೊಸ್ಕೋಪ್ ಚಿತ್ರ ತೆಗೆದು ಕಳಿಸಿ, ಆ ಕಡೆ ನಿಜವಾದ ಚರ್ಮತಜ್ಞರಿದ್ದರೆ, ಯಾರನ್ನು ಬೇಗ ಕರೆಸಬೇಕು ಅಂತ ಆರಿಸಲು ಅದು ಒಳ್ಳೆಯದೇ. ಆದರೆ ಇಂಥ ಕಲೆಗೆ ಅಲ್ಲಿಂದ ಬರಬೇಕಾದ ಉತ್ತರ ಒಂದೇ: "ಬಂದು ತೋರಿಸಿ." ಮುಲಾಮು ಬಂತೋ, ಅನುಮಾನಿಸಿ. ಕಂಪ್ಯೂಟರೇ ಮಚ್ಚೆ ನೋಡಿ ಹೇಳುವ ಆ್ಯಪ್‌ಗಳಂತೂ ಬೇಡವೇ ಬೇಡ. ಅವು ಮೆಲನೋಮವನ್ನು ತಪ್ಪಿಸಿಬಿಡುವ ಸಂಭವ ಹೆಚ್ಚು ಎಂದು 2018ರಲ್ಲೇ ಕಾಕ್ರೇನ್ ವಿಮರ್ಶೆ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಸಂಸ್ಥೆಯದು) ಹೇಳಿದೆ.

ಫೋಟೊ ಕಳಿಸಲೇಬೇಕೆಂದರೆ ಅರಿಶಿನ, ಎಣ್ಣೆ, ಬೆಟಾಡಿನ್ ಏನಿದ್ದರೂ ತೊಳೆದು ಒರೆಸಿ. ಹಗಲು ಬೆಳಕಲ್ಲಿ, ಕಿಟಕಿ ಪಕ್ಕ, ಫ್ಲ್ಯಾಷ್ ಇಲ್ಲದೆ ತೆಗೆಯಿರಿ. ಬ್ಯೂಟಿ ಮೋಡ್ ಆಫ್ ಮಾಡಿ, ಅದು ಚರ್ಮ ನುಣುಪು ಮಾಡುವಾಗ ಕಲೆಯ ಅಂಚನ್ನೂ ಅಳಿಸುತ್ತದೆ (ನಮ್ಮದರಲ್ಲಿ ಆನ್ ಇತ್ತು, ಆ ತಪ್ಪು ನಮ್ಮದೇ). ಇಡೀ ಪಾದದ್ದು ಒಂದು, ಹತ್ತಿರದ್ದು ಒಂದು, ಸ್ಕೇಲ್ ಇಟ್ಟು ಒಂದು. ವಾಟ್ಸ್ಆ್ಯಪ್ ಆದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗುತ್ತದೆ. ವೈದ್ಯರು ಎಂಡಿ ಡಿವಿಎಲ್ಲೋ, ಡಿಡಿವಿಎಲ್ಲೋ (ಚರ್ಮರೋಗದ ಸ್ನಾತಕೋತ್ತರ ಪದವಿ, ಡಿಪ್ಲೊಮ) ನೋಡಿ. ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರಲೇಬೇಕು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಮೊದಲ ಸಲವೇ ಚರ್ಮದ ಇಂಥ ಮುಲಾಮು ಬರೆಯಲು ವಿಡಿಯೊ ಆಗಿರಬೇಕು. ಇನ್ನೊಂದು, ಮಚ್ಚೆಯನ್ನು ಎಲ್ಲೂ ಸುಡಿಸಬೇಡಿ. ಸುಟ್ಟರೆ ಬಯಾಪ್ಸಿಗೆ ಏನೂ ಉಳಿಯದು, ಆಳವೂ ತಿಳಿಯದು.

ಕಸ್ಟಮರ್ ಕೇರ್‌ಗೆ ಬರೆದೆವು. "ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ, ವೈದ್ಯರು ಸ್ವತಂತ್ರರು, ನಾವು ವೇದಿಕೆ ಮಾತ್ರ." ಹಣ ಕಟ್ಟಿಸಿಕೊಳ್ಳುವಾಗ "ನಮ್ಮ ತಜ್ಞರು", ಈಗ "ವೇದಿಕೆ ಮಾತ್ರ". ಚಾಟ್ ದಾಖಲೆ ಕೇಳಿದರೆ "ಟಿಕೆಟ್ ಕ್ಲೋಸ್ಡ್". ಸ್ಕ್ರೀನ್‌ಶಾಟ್ ಆವತ್ತೇ ತೆಗೆದಿಡಿ, ಆಮೇಲೆ ಚಾಟ್ ಕಾಣುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಮೂರನೇ ಸಲದ 499 ವಾಪಸ್ ಬಂತು. ಮೊದಲೆರಡು ಸಲದ್ದು ಬಂದಿಲ್ಲ, ದಾಖಲೆಯೂ ಬಂದಿಲ್ಲ.